ಆರ್ವೆಲಾಳ ಕೇಕು ಮತ್ತು ಗುರುವಾರದ ಮೇಜು

ಆರ್ವೆಲಾ ಸ್ಟಿಡಮ್ ಮನೆಯ ಹೊಸ್ತಿಲನ್ನು ಹೆಂಡದ ಒಂದು ಹನಿಯೂ ದಾಟಿಲ್ಲ ಎಂದು ನಮ್ಮ ಕೌಂಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವಳೂ ಹಾಗೇ ಹೇಳುತ್ತಾಳೆ, ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳುತ್ತಾಳೆ. ಕ್ರಿಸ್‌ಮಸ್ ಕೇಕಿಗೆ ಸುರಿಯುವ ವಿಸ್ಕಿ ಅವಳ ಪ್ರಕಾರ ಹೆಂಡದ ಜಾತಿಗೆ ಸೇರಿದ್ದಲ್ಲ. ಅದು ಸಕ್ಕರೆ, ಬೆಣ್ಣೆ, ದ್ರಾಕ್ಷಿಯ ಜಾತಿ. ಅಡುಗೆ ಸಾಮಾನು.

ಕೆಂಟಕಿಯ ಈ ಬೆಟ್ಟಗಳ ನಡುವೆ ನಮ್ಮದು ಮದ್ಯ ಮಾರುವಂತಿಲ್ಲದ ಕೌಂಟಿ, ಅಜ್ಜಂದಿರ ಕಾಲದಿಂದಲೂ. ಆದ್ದರಿಂದ ಪ್ರತಿ ನವೆಂಬರಿನಲ್ಲಿ ಆರ್ವೆಲಾ ಮತ್ತು ಪಕ್ಕದ ಮನೆಯ ವರ್ಡಿ, ಚರ್ಚಿಗೆ ಹಾಕಿಕೊಳ್ಳುವ ಕೋಟನ್ನೇ ಹಾಕಿಕೊಂಡು, ಬೆಟ್ಟ ದಾಟಿ ಪಕ್ಕದ ಕೌಂಟಿಗೆ ಹೋಗುತ್ತಾರೆ. ಗಡಿ ದಾಟಿದ ಕೂಡಲೇ ಅಂಗಡಿ. ಕಾರನ್ನು ಅದರ ಹಿಂದುಗಡೆ ನಿಲ್ಲಿಸಬೇಕು. ಒಳಗೆ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನವರೇ ಎದುರಾದರೂ ಯಾರೂ ಯಾರ ಗುರುತನ್ನೂ ಹಿಡಿಯುವುದಿಲ್ಲ. ಅಷ್ಟು ಮರ್ಯಾದೆ ನಮ್ಮ ಜನಕ್ಕೆ ಇನ್ನೂ ಉಳಿದಿದೆ. ಇಬ್ಬರೂ ಸೇರಿ ಒಂದು ಬಾಟಲಿ ಕೊಂಡು ಆಲೂಗೆಡ್ಡೆ ಚೀಲದ ಅಡಿಯಲ್ಲಿಟ್ಟು ತರುತ್ತಾರೆ. ಆಮೇಲೆ ಕೇಕನ್ನು ತೆಳು ಬಟ್ಟೆಯಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟು, ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ಬಂದು, ಕೂಸಿಗೆ ಔಷಧಿ ಕುಡಿಸುವ ಹಾಗೆ ಚಮಚ ಚಮಚವಾಗಿ ಕುಡಿಸುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಅದರ ಪಕ್ಕ ಬೆಂಕಿಕಡ್ಡಿ ಗೀರಲು ಹೆದರಿಕೆಯಾಗಬೇಕು. ಆಗ ಕೇಕು ಹದಕ್ಕೆ ಬಂದಿದೆ ಎಂದು ತಿಳಿಯುವುದು.

ಆರ್ವೆಲಾ ಶಾಲೆಯ ಅಡುಗೆಮನೆಯಲ್ಲಿ ಸವೆದು ನಿವೃತ್ತಳಾದವಳು. ಊರಿನ ಅರ್ಧ ಜನ ಅವಳ ಕೈಯ ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು ತಿಂದು ಬೆಳೆದವರು. ಅವರಲ್ಲಿ ಯಾರಾದರೂ ಇವತ್ತು ಹೋಟೆಲಿನಲ್ಲಿ ತಟ್ಟೆಯಲ್ಲಿ ಊಟ ಬಿಟ್ಟರೂ ಎದ್ದು ಹೋಗಿ ಬೈಯುವ ಹಕ್ಕು ತನಗಿದೆ ಎಂದು ಅವಳು ನಂಬಿದ್ದಾಳೆ. ಗಂಡ ಡಾಯ್ಲ್ ಗಣಿಯ ಕಲ್ಲಿದ್ದಲ ದೂಳು ಕುಡಿದು ಕೆಮ್ಮಿ ಕೆಮ್ಮಿ ಹೋದ. ಸ್ವಂತ ಮಕ್ಕಳಾಗಲಿಲ್ಲ. ನೋವಿನ ಮಾತ್ರೆಯ ಚಟ ಬೆಟ್ಟದ ಮನೆಮನೆಗೂ ಹಬ್ಬಿ, ಅಪ್ಪ ಅಮ್ಮ ನೆಟ್ಟಗಾಗುವ ತನಕ ಮಕ್ಕಳನ್ನು ಇಟ್ಟುಕೊಳ್ಳುವವರು ಬೇಕು ಎಂದು ಮಕ್ಕಳ ಇಲಾಖೆಯವರು ಅಲೆಯತೊಡಗಿದಾಗ, ಖಾಲಿ ಮನೆಯಲ್ಲಿ ಗೋಡೆ ನೋಡಿಕೊಂಡಿರುವುದಕ್ಕಿಂತ ವಾಸಿ ಎಂದು ಆರ್ವೆಲಾ ಹೆಸರು ಕೊಟ್ಟಳು. ಮಕ್ಕಳು ಬಂದವು, ಇದ್ದವು, ಹೋದವು. ಹೋದ ಪ್ರತಿಯೊಂದಕ್ಕೂ ಅವಳು ಅತ್ತಳು, ಪಾತ್ರೆ ತೊಳೆಯುತ್ತ, ನಲ್ಲಿ ಜೋರಾಗಿ ಬಿಟ್ಟುಕೊಂಡು.

ರೇಲಿನ್ ಬಂದಾಗ ಅವಳಿಗೆ ಮೂರು ವರ್ಷ. ಒಂದೇ ಕಾಲಿಗೆ ಬೂಟು. ಬಂದವಳೇ ಆರ್ವೆಲಾಳನ್ನು ಮೇಲಿಂದ ಕೆಳಗಿನವರೆಗೆ ಅಳೆದಳು.

"ನೀನ್ಯಾಕೆ ಇಷ್ಟು ದಪ್ಪ ಇದೀಯ?"

"ನಾನ್ ಮಾಡಿದ ಅಡುಗೆ ನಾನೇ ತಿಂತೀನಲ್ಲ, ಅದಕ್ಕೆ. ನೀನ್ಯಾಕೆ ಇಷ್ಟು ಸಣ್ಣ ಇದೀಯ?"

ಮಗು ತನ್ನ ಬರಿಗಾಲನ್ನು ನೋಡಿಕೊಂಡಿತು. "ನಮ್ಮಮ್ಮ ನಿದ್ದೆ ಮಾಡ್ತಾಳೆ," ಎಂದಿತು.

ಅಮ್ಮ ಎಂದರೆ ಕೆಂಡ್ರಾ ಪ್ರೇಟರ್, ಇಪ್ಪತ್ತೈದರ ಹುಡುಗಿ. ಕಾರು ಗುದ್ದಿ ಬೆನ್ನು ನೋವಾದಾಗ ಡಾಕ್ಟರು ಮಾತ್ರೆ ಕೊಟ್ಟರು. ಬೆನ್ನು ವಾಸಿಯಾಯಿತು, ಮಾತ್ರೆ ಬಿಡಲಿಲ್ಲ. ರೇಲಿನ್‌ಳ ಅಪ್ಪ ಕೆಲಸ ಹುಡುಕಿಕೊಂಡು ಓಹಾಯೋಗೆ ಹೋದವನು ಪತ್ತೆಯಿಲ್ಲ. ಒಂದು ದಿನ ದಿನಸಿ ಅಂಗಡಿಯ ಮುಂದೆ ಕಾರಿನಲ್ಲಿ ಕೆಂಡ್ರಾ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು, ಹಿಂದಿನ ಸೀಟಿನಲ್ಲಿ ಮಗು ಕಿಟಕಿ ಬಡಿಯುತ್ತಿತ್ತು.

ಹಿಂದಿನ ಕಾಲವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮಕ್ಕಳ ಇಲಾಖೆ ಮಂಗಳವಾರ ಹತ್ತಕ್ಕೆ ಮಗುವನ್ನು ನೋಡಲು ಬಾ ಎನ್ನುತ್ತಿತ್ತು. ಚಿಕಿತ್ಸಾ ಕೇಂದ್ರದವರು ಅದೇ ಮಂಗಳವಾರ ಹತ್ತಕ್ಕೆ ಬರದಿದ್ದರೆ ಹೆಸರು ಹೊಡೆಯುತ್ತೇವೆ ಎನ್ನುತ್ತಿದ್ದರು. ಕೋರ್ಟು ಕರೆಯುವುದೂ ಅದೇ ದಿನಕ್ಕೆ. ಎತ್ತು ಏರಿಗೆ, ಕೋಣ ನೀರಿಗೆ. ಬಸ್ಸಿಲ್ಲದ ಊರಿನಲ್ಲಿ ಒಬ್ಬ ತಾಯಿ ಮೂರು ಕಡೆ ಹೇಗೆ ಹಾಜರಾಗುತ್ತಾಳೆ? ಒಂದು ಕಡೆ ತಪ್ಪಿದಳೆಂದರೆ ಸಾಕು, 'ಇವಳಿಗೆ ಮಗುವಿನ ಮೇಲೆ ಆಸಕ್ತಿಯಿಲ್ಲ' ಎಂದು ತೀರ್ಮಾನವಾಗುತ್ತಿತ್ತು. ಹಾಗೆ ತಾಯಂದಿರನ್ನು ಕಳೆದುಕೊಂಡ ಮಕ್ಕಳನ್ನು ಆರ್ವೆಲಾ ತನ್ನ ಮನೆಯಲ್ಲೇ ಕಂಡಿದ್ದಳು.

ಆಮೇಲೆ ಮ್ಯಾಗರ್ಡ್ ಎಂಬ ಹೊಸ ನ್ಯಾಯಾಧೀಶೆ ಬಂದರು. ಇಲ್ಲಿಯದೇ ಹೆಣ್ಣುಮಗಳು, ಹಿಡಿದ ಹಟ ಬಿಡುವವರಲ್ಲ. ಮೂರೂ ಕಡೆಯವರನ್ನು ಕರೆಸಿ, "ನನ್ ಕಟ್ಟಡದಲ್ಲಿ ಒಂದು ಉದ್ದದ ಮೇಜಿದೆ. ಪ್ರತಿ ಗುರುವಾರ ಬೆಳಗ್ಗೆ ಎಲ್ರೂ ಅಲ್ಲಿ ಕೂತ್ಕೊಳ್ಳಿ. ನಿಮ್ ಜಗಳ ಏನಿದ್ರೂ ಅಲ್ಲೇ ಮುಗೀಲಿ. ಕಾಫಿ ನಂದು," ಎಂದರು. ಮಗುವನ್ನು ಇಟ್ಟುಕೊಂಡವರಿಗೂ ಆ ಮೇಜಿನಲ್ಲಿ ಒಂದು ಕುರ್ಚಿ, ಕೊನೆಗೆ ಮಾತಾಡುವ ಸರದಿ ಅವರದು. ಮೇಜಿನ ಕೆಲಸ ಮುಗಿದ ಮೇಲೆ ಕೋರ್ಟು. ಅಲ್ಲಿ ಯಾರಾದರೂ ತಾಯಿ ಒಂದು ತಿಂಗಳು ಮಾತ್ರೆ ಮುಟ್ಟಿಲ್ಲ ಎಂದರೆ ಗುಮಾಸ್ತನಿಂದ ಹಿಡಿದು ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇದು ಕೋರ್ಟೋ ಚರ್ಚೋ ಎಂದು ಮೊದಮೊದಲು ಆರ್ವೆಲಾಗೆ ತಿಳಿಯಲಿಲ್ಲ.

ಕೆಂಡ್ರಾ ಮೊದಲ ಕೆಲವು ತಿಂಗಳು ಆ ಮೇಜನ್ನು ಕುಣಿಸಿದಳು. ಸುಳ್ಳು ಹೇಳುವುದರಲ್ಲಿ ಅವಳು ಎತ್ತಿದ ಕೈ. ಕೇಳಿದವರಿಗೆ ಕಣ್ಣೀರು ಬರಬೇಕು. ಆದರೆ ಏಪ್ರಿಲಿನಲ್ಲಿ ಒಮ್ಮೆ ಮತ್ತೆ ಮಾತ್ರೆ ನುಂಗಿದವಳು, ಯಾರೂ ಕೇಳುವ ಮುಂಚೆ ತಾನೇ ನಡೆದು ಹೋಗಿ ಚಿಕಿತ್ಸಾ ಕೇಂದ್ರದ ಒಲೆಟಾಳ ಮುಂದೆ ಹೇಳಿಕೊಂಡು ಅತ್ತಳು. ಅಲ್ಲಿಂದ ಮುಂದೆ ಅವಳ ಹೆಜ್ಜೆ ತಪ್ಪಲಿಲ್ಲ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಅದರ ಮೇಲೆಯೇ ಎರಡು ಕೋಣೆಯ ಮನೆ. ಭಾನುವಾರ ಆರ್ವೆಲಾಳ ಮನೆಗೆ ಊಟಕ್ಕೆ ಬಂದು ಮಗಳ ಜಡೆ ಹೆಣೆಯುತ್ತಿದ್ದಳು. ಜ್ವರ ಬಂದರೆ ಏನು ಮಾಡಬೇಕು, ಹಟ ಹಿಡಿದರೆ ಎಷ್ಟು ಹೊತ್ತು ಬಿಡಬೇಕು, ಎಲ್ಲವನ್ನೂ ಆರ್ವೆಲಾ ಒಂದೊಂದಾಗಿ ಕಲಿಸಿದಳು. ಆದರೆ ಅಷ್ಟರಲ್ಲಿ ರೇಲಿನ್ ಅವಳ ಜೀವವಾಗಿದ್ದಳು.

ಜನವರಿಯ ಎರಡನೆಯ ಗುರುವಾರ ಮಗುವನ್ನು ತಾಯಿಯ ಮನೆಗೆ ಕಳಿಸುವ ತೀರ್ಮಾನವಾಗಬೇಕಿತ್ತು. ಆದರೆ ಇನ್ನೊಂದು ಕಾನೂನೂ ಇತ್ತು. ಮಗು ಹದಿನೈದು ತಿಂಗಳು ಹೊರಗಿದ್ದರೆ ಇಲಾಖೆ ಅದಕ್ಕೊಂದು ಕಾಯಂ ಮನೆ ಹುಡುಕಬೇಕು. ಆ ಗಡುವು ಹತ್ತಿರ ಬಂದಿತ್ತು. ಹಾಗೇನಾದರೂ ಆದರೆ ದತ್ತು ತೆಗೆದುಕೊಳ್ಳುತ್ತೀರಾ ಎಂದು ಇಲಾಖೆಯ ಹುಡುಗ ಕೋಲ್ಬಿ ಕೇಳಿದ್ದಕ್ಕೆ ಆರ್ವೆಲಾ ಹೂಂ ಎಂದಿದ್ದಳು. ಅಂದಿನಿಂದ ಅವಳ ಮನಸ್ಸಿನೊಳಗಿನ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು.

ಜನವರಿಯ ಮೊದಲ ಭಾನುವಾರ ಕೆಂಡ್ರಾ ಊಟಕ್ಕೆ ಬಂದಳು. ಕೋಳಿ ಸಾರು, ಅದರಲ್ಲೇ ಬೇಯಿಸಿದ ಹಿಟ್ಟಿನುಂಡೆ, ಆಮೇಲೆ ಹಬ್ಬದಿಂದ ಉಳಿದ ಕೇಕು. ಮಗುವಿಗೆ ಬಿಸ್ಕತ್ತು.

"ಇನ್ನೊಂದು ತುಂಡು ಹಾಕ್ಕೋ."

"ಸಾಕು ಮಿಸ್ ಆರ್ವೆಲಾ, ಹೊಟ್ಟೆ ಒಡೆದ್ಹೋಗತ್ತೆ."

"ಒಡೆದ್ರೆ ಹೊಲಿಯೋಣ. ಕಡ್ಡಿ ಥರ ಇದೀಯ, ತಿನ್ನು."

"ಏನೋ ಘಾಟು ಇದೆಯಲ್ಲ ಇದರಲ್ಲಿ?"

"ನಮ್ಮತ್ತೆ ಕಾಲದ ಪಾಕ ಕಣೆ ಅದು. ಹಳೇದಾದಷ್ಟೂ ಘಾಟು."

ಕೆಂಡ್ರಾಗೆ ಮಾತ್ರೆಯ ವಿಷಯ ಗೊತ್ತಿತ್ತೇ ಹೊರತು ಕುಡಿತದ ರುಚಿ ಗೊತ್ತಿರಲಿಲ್ಲ. ನಮ್ಮ ಕಡೆ ಊಟಕ್ಕೆ ಕೂತವರು ಮೂರು ಸಲ ಬೇಡ ಎಂದರೂ ನಾಲ್ಕನೆಯ ಸಲ ಬಡಿಸದಿದ್ದರೆ ಅದು ಊಟವಲ್ಲ. ನಾಲ್ಕು ತುಂಡು ತಿಂದಳು. ಉಳಿದದ್ದರಲ್ಲಿ ಅರ್ಧವನ್ನು ಆರ್ವೆಲಾ ಕಟ್ಟಿಕೊಟ್ಟಳು. ಅದನ್ನು ಅವಳು ಸೋಮವಾರ ರಾತ್ರಿಯೂಟದ ಬದಲು ತಿಂದಳು, ಮಂಗಳವಾರ ಬೆಳಗ್ಗೆ ಕಾಫಿಯ ಜೊತೆ ತಿಂದಳು, ತಿಂದು ನೇರವಾಗಿ ಕೇಂದ್ರಕ್ಕೆ ಹೋಗಿ ಮೂತ್ರ ಪರೀಕ್ಷೆಗೆ ಕೊಟ್ಟಳು.

ಬುಧವಾರ ಮಧ್ಯಾಹ್ನ ಕೋಲ್ಬಿಯ ಫೋನು ಬಂತು. ಹಿಂದೆಯಾದರೆ ಇಂಥ ಸುದ್ದಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ವಸಂತ ಬಂದಿರುತ್ತಿತ್ತು. ಈಗ ಎಲ್ಲರೂ ಒಂದೇ ಮೇಜಿನವರು.

"ಮಿಸ್ ಆರ್ವೆಲಾ, ಕೂತ್ಕೊಂಡಿದೀರಾ?"

"ಪಾತ್ರೆ ತೊಳೀತಿದೀನಿ. ಹೇಳು."

"ಕೆಂಡ್ರಾ ಪರೀಕ್ಷೇಲಿ ಆಲ್ಕೋಹಾಲ್ ಬಂದಿದೆ."

"ಏನಂತಾಳೆ ಅವಳು?"

"ಒಂದ್ ಹನೀನೂ ಮುಟ್ಟಿಲ್ಲ ಅಂತಾಳೆ. ಎಲ್ರೂ ಹಂಗೇ ತಾನೇ ಅನ್ನೋದು." ಕೋಲ್ಬಿಯ ದನಿ ಸೋತಿತ್ತು. "ನಾಳೆ ಮಗು ಮನೆಗೆ ಹೋಗೋದು ನಿಂತಂಗೇ. ಗಡುವು ಬೇರೆ ಮುಗೀತಾ ಬಂತು. ನೀವು ಅವತ್ತು ದತ್ತು ಬಗ್ಗೆ ಹೂಂ ಅಂದಿದ್ರಲ್ಲ... ಆ ಮಾತು ಹಂಗೇ ಇದೆ ತಾನೇ?"

"ಇದೆ," ಎಂದಳು ಆರ್ವೆಲಾ.

ಫೋನಿಟ್ಟ ಮೇಲೆ ಅವಳಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಬಾಣಲೆಯನ್ನು ಕುಕ್ಕಿದಳು. ಸಿಟ್ಟಿನ ಹಿಂದೆಯೇ ಸಂತೋಷವೂ ಬಂತು. ಬೇಡ ಎಂದರೂ ಬಂತು. ಹುಡುಗಿ ಇನ್ನು ನನ್ನವಳು. ಆಗಸ್ಟಿಗೆ ಶಾಲೆಗೆ ಸೇರಿಸಬೇಕು, ಹಿಂದಿನ ಕೋಣೆಗೆ ಹಳದಿ ಬಣ್ಣ ಹೊಡೆಸಬೇಕು, ಬೆಟ್ಟದ ಮೇಲಿನ ಡಾಯ್ಲ್‌ನ ಸಮಾಧಿಗೆ ಹೂವಿಡಲು ಹೋದಾಗ ಜೊತೆಗೆ ಕರೆದುಕೊಂಡು ಹೋಗಬೇಕು. ಗೋಡೆಗೆ ಎಷ್ಟು ಬಣ್ಣ ಬೇಕೆಂದು ಅವಳು ಅಂದಾಜು ಮಾಡುತ್ತಿರುವಾಗ ರೇಲಿನ್ ಕುರ್ಚಿ ಎಳೆದುಕೊಂಡು ಬಂದು ಅದರ ಮೇಲೆ ಹತ್ತಿ ಕಪಾಟಿಗೆ ಕೈ ಚಾಚಿದಳು.

"ಅಜ್ಜೀ, ಅಮ್ಮ ತಿಂದಿದ್ ಕೇಕ್ ನಂಗೂ ಬೇಕು."

"ಅಯ್ಯೋ, ಬೇಡ ಕಂದಾ. ಅದು ದೊಡ್ಡೋರ ಕೇಕು."

"ಯಾಕೆ? ಮಕ್ಳು ತಿಂದ್ರೆ ಏನಾಗತ್ತೆ?"

ಮಕ್ಕಳು ತಿಂದರೆ ಏನಾಗುತ್ತದೆ ಎಂದು ಆರ್ವೆಲಾಗೆ ಚೆನ್ನಾಗಿಯೇ ಗೊತ್ತಿತ್ತು, ಅದಕ್ಕೇ ಇಷ್ಟು ವರ್ಷಗಳಲ್ಲಿ ಒಂದು ಮಗುವಿಗೂ ಕೊಟ್ಟಿರಲಿಲ್ಲ. ಅಡುಗೆ ಸಾಮಾನಂತೆ! ಮಗುವನ್ನು ಕುರ್ಚಿಯಿಂದ ಇಳಿಸಿ, ತಾನೇ ಆ ಕುರ್ಚಿಯಲ್ಲಿ ಕೂತಳು.

ಫೋನು ಮಾಡಿ ಕರೆದ ಅರ್ಧ ಗಂಟೆಯಲ್ಲಿ ವರ್ಡಿ ಹಿಂಬಾಗಿಲಿನಿಂದ ಬಂದಳು. ವಿಷಯ ಕೇಳಿ ಮೊದಲು ಪರದೆ ಎಳೆದಳು.

"ಯಾರಿಗ್ ಗೊತ್ತಿದೆ ಇದು?"

"ನಿಂಗೆ, ನಂಗೆ."

"ಹಂಗಾದ್ರೆ ಮುಗೀತು. ಬಾಯಿ ಮುಚ್ಕೊಂಡಿರು. ಕೋರ್ಟಲ್ಲಿ ಎದ್ದು ನಿಂತು ವಿಸ್ಕಿ ತಂದೆ ಅಂತೀಯಾ? ಭಾನುವಾರದೊಳಗೆ ಪಾದ್ರಿ ಕಿವಿಗೆ ಬೀಳತ್ತೆ. ನನ್ ಹೆಸರೂ ಬರತ್ತೆ. ನಾನು ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳೋಳು ಕಣೇ!"

"ಅವಳು ಕುಡ್ದಿಲ್ಲ ವರ್ಡಿ. ನಾನೇ ತಿನ್ನಿಸಿದ್ದು."

"ಇವತ್ ಕುಡ್ದಿಲ್ಲ. ನಾಳೆ ಕುಡೀತಾಳೆ. ಮಾತ್ರೆ ತಿಂದೋಳನ್ನ ನಂಬಕ್ಕಾಗತ್ತಾ?" ವರ್ಡಿ ಮುಂದಕ್ಕೆ ಬಗ್ಗಿದಳು. "ದೇವ್ರೇ ಕೊಟ್ಟಿದಾನೆ ಅಂದ್ಕೋ. ಮಗು ನಿಂಗೆ ಬೇಡ್ವಾ?"

"ಬೇಕು," ಎಂದಳು ಆರ್ವೆಲಾ. "ಬೇಕು ಅಂತಾನೇ ಹೆದರಿಕೆ ಆಗ್ತಿರೋದು."

ವರ್ಡಿ ಹೊರಟಳು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು, ನನ್ನ ಹೆಸರು ಮಾತ್ರ ಹೇಳಬೇಡ ಎಂದಳು.

ಗುರುವಾರ ಬೆಳಗ್ಗೆ ಆರ್ವೆಲಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆ ಉದ್ದದ ಮೇಜಿನ ಮುಂದೆ ಕೂತಳು. ಹೇಳುತ್ತೇನೆ ಎಂದು ಬಂದಿದ್ದಳು. ಬಂದು ಕೂತ ಮೇಲೆ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದುಕೊಂಡಳು. ಕೋಲ್ಬಿ ಪರೀಕ್ಷೆಯ ಫಲಿತಾಂಶ ಹೇಳಿದ. ಚಿಕಿತ್ಸಾ ಕೇಂದ್ರದ ಒಲೆಟಾ ಸಾಮಾನ್ಯವಾಗಿ ನಗುನಗುತ್ತಲೇ ಮಾತಾಡುವವಳು. ಅಂದು ನಗಲಿಲ್ಲ.

"ನಂಗೆ ಇದು ಅರ್ಥ ಆಗ್ತಿಲ್ಲ ಜಡ್ಜಮ್ಮ. ಏಪ್ರಿಲಲ್ಲಿ ಜಾರಿದಾಗ ತಾನೇ ಬಂದು ಹೇಳಿದ್ಲು. ಈಗ ಸಾಕ್ಷಿ ಮುಂದಿಟ್ರೂ ಇಲ್ಲ ಅಂತಾಳೆ. ಬಂದಿರೋ ಅಳತೇನೂ ಚಿಲ್ಲರೆ. ಆದ್ರೆ ಬಂದಿರೋದು ನಿಜ."

"ಬಂದಿರೋದು ನಿಜ ಅಂದ್ಮೇಲೆ ಇವತ್ತು ಮಗುನ ಕಳ್ಸಕ್ಕಾಗಲ್ಲ," ಎಂದರು ಮ್ಯಾಗರ್ಡ್. "ಗಡುವಿನ ವಿಷಯಾನೂ ಮಾತಾಡ್ಬೇಕಾಗತ್ತೆ. ಮಿಸ್ ಆರ್ವೆಲಾ, ನೀವೇನಂತೀರಿ?"

ಎಲ್ಲರೂ ಅವಳ ಕಡೆ ತಿರುಗಿದರು. ಸುಮ್ಮನಿದ್ದರೆ ಸಾಕಿತ್ತು. ಒಂದು ನಿಟ್ಟುಸಿರು ಬಿಟ್ಟು ತಲೆಯಾಡಿಸಿದ್ದರೂ ರೇಲಿನ್ ಅವಳವಳಾಗುತ್ತಿದ್ದಳು. ಆರ್ವೆಲಾ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು.

ಕೋಣೆಯ ತುಂಬ ವಾಸನೆ ಹರಡಿತು. ಒಲೆಟಾ ಕೆಮ್ಮಿದಳು. ನ್ಯಾಯಾಧೀಶೆ ಬಗ್ಗಿ ಮೂಸಿ ನೋಡಿ, ಕನ್ನಡಕ ತೆಗೆದರು.

"ಏನ್ರೀ ಇದು, ಕೇಕೋ ಭಟ್ಟಿಯೋ?"

"ಕೇಕು, ಜಡ್ಜಮ್ಮ. ನಾನು ಮಾಡಿದ್ದು. ಅವಳಿಗೆ ನಾಲ್ಕು ತುಂಡು ನಾನೇ ಬಲವಂತ ಮಾಡಿ ತಿನ್ನಿಸ್ದೆ, ಇಷ್ಟುದ್ದ ಮನೆಗೂ ಕಟ್ಕೊಟ್ಟೆ. ಏನ್ ಹಾಕಿದೀನಿ ಅಂತ ಅವಳಿಗೆ ಹೇಳ್ಲಿಲ್ಲ."

"ಎಷ್ಟು ಹಾಕಿದೀರಿ?"

"ಅರ್ಧ ಬಾಟ್ಲಿ."

"ಇನ್ನರ್ಧ?"

ಆರ್ವೆಲಾ ಚಾವಣಿ ನೋಡಿದಳು. "ಅದು ಬೇರೆಯೋರ ಕೇಕಿಗೆ. ಹೆಸರು ಕೇಳ್ಬೇಡಿ, ಬೈಬಲ್ ಪಾಠ ಹೇಳ್ತಾಳೆ."

ಕೋಲ್ಬಿ ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡು ನಕ್ಕ. ಮ್ಯಾಗರ್ಡ್ ನಗಲಿಲ್ಲ. "ಕಡೇ ಪ್ರಶ್ನೆ. ನೀವು ದತ್ತು ತಗೊಳ್ಳೋಕೆ ಒಪ್ಪಿದೀರಿ. ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕೆ ಹೇಳಿದ್ರಿ?"

"ಆ ಮಗು ದೊಡ್ಡೋಳಾಗಿ ಒಂದಿನ ಕೇಳತ್ತೆ ಜಡ್ಜಮ್ಮ, ಅಮ್ಮ ಯಾಕೆ ನನ್ನ ಕರ್ಕೊಂಡ್ ಹೋಗ್ಲಿಲ್ಲ ಅಂತ. ಅವಾಗ ನಾನೇನ್ ಹೇಳ್ಲಿ? ಕೇಕಿಂದ ಅನ್ಲಾ?"

ಮ್ಯಾಗರ್ಡ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ಒಲೆಟಾ, ಅಷ್ಟು ಕಡಿಮೆ ಅಳತೆ ಕೇಕಿನಿಂದ ಬರಬಹುದು, ಕುಡಿದರೂ ಬರಬಹುದು, ಪರೀಕ್ಷೆಯೊಂದನ್ನೇ ನೋಡಿ ಹೇಳಲಾಗದು ಎಂದಳು. ಭಾನುವಾರದ ಭೇಟಿ, ಏಪ್ರಿಲಿನ ನಡತೆ, ಈ ಡಬ್ಬಿ, ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹುಡುಗಿ ನಿಜ ಹೇಳುತ್ತಿದ್ದಾಳೆ ಎಂದು ಕೋಲ್ಬಿ ಹೇಳಿದ. ಈ ವಾರ ಮತ್ತೆರಡು ಪರೀಕ್ಷೆ, ಸರಿಯಾಗಿ ಬಂದರೆ ಮುಂದಿನ ಗುರುವಾರ ಮಗು ಮನೆಗೆ ಎಂದು ನ್ಯಾಯಾಧೀಶೆ ಮುಗಿಸಿದರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಕೆಂಡ್ರಾಳನ್ನು ಕರೆದು ಹೇಳಿದಾಗ ಅವಳು ಆರ್ವೆಲಾಳನ್ನು ತಬ್ಬಿಕೊಳ್ಳಲಿಲ್ಲ. ಬಿಳಿಚಿಕೊಂಡು ನಿಂತಳು.

"ನಿನ್ನೆಯಿಂದ ನಂಗೆ ಹುಚ್ಚೇ ಹಿಡಿದಿದೆ ಅಂದ್ಕೊಂಡಿದ್ದೆ. ನಿದ್ದೇಲಿ ಎದ್ದೋಗಿ ಕುಡಿದ್ನೇನೋ, ನಂಗೇ ಗೊತ್ತಾಗ್ದಂಗೆ ನನ್ ಮಗಳನ್ನ ಕಳ್ಕೊಂಡ್ನೇನೋ ಅಂತ. ನೀವು... ಇನ್ನೊಂದು ತುಂಡು, ಇನ್ನೊಂದು ತುಂಡು ಅಂತ..."

"ಬೈಯಿ," ಎಂದಳು ಆರ್ವೆಲಾ. "ಬಾಯ್ತುಂಬ ಬೈಯಿ. ನಂದೇ ತಪ್ಪು."

ಕೆಂಡ್ರಾ ಬೈದಳು. ಕೋರ್ಟಿನ ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಬೈದಳು, ಆಮೇಲೆ ಅಲ್ಲೇ ಕೂತು ಅತ್ತಳು. ಆರ್ವೆಲಾ ಪಕ್ಕದಲ್ಲಿ ಕೂತು, ತನ್ನ ಕೋಟಿನ ಜೇಬಿನಿಂದ ಕರ್ಚೀಫು ಕೊಟ್ಟಳು. ಭಾನುವಾರದೊಳಗೆ ಸುದ್ದಿ ಚರ್ಚಿಗೆ ಮುಟ್ಟಿತು. ಪಾದ್ರಿ ಏನೂ ಕೇಳಲಿಲ್ಲ. ಪಾದ್ರಿಯ ಹೆಂಡತಿ ಮಾತ್ರ ಪಕ್ಕಕ್ಕೆ ಕರೆದು, ಕೇಕಿಗೆ ಬಟ್ಟೆ ಸುತ್ತಿಡುವುದು ಎಷ್ಟು ವಾರ ಎಂದು ಪಿಸುಗುಟ್ಟಿದಳು. ವರ್ಡಿ ಹದಿನೈದು ದಿನ ಮಾತು ಬಿಟ್ಟಿದ್ದಳು.

ಎರಡೂ ಪರೀಕ್ಷೆಗಳು ಸರಿಯಾಗಿ ಬಂದವು. ಮುಂದಿನ ಗುರುವಾರ ಕೋರ್ಟಿನಲ್ಲಿ ರೇಲಿನ್ ತಾಯಿಯ ತೊಡೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. ನ್ಯಾಯಾಧೀಶೆ ಪದ್ಧತಿಯಂತೆ ಒಬ್ಬೊಬ್ಬರನ್ನೇ ಕೇಳಿದರು. ಕೋಲ್ಬಿ ಕಳಿಸಬಹುದು ಎಂದ. ಒಲೆಟಾ ಕಳಿಸಬಹುದು ಎಂದಳು. ಕೊನೆಗೆ ಆರ್ವೆಲಾ ಎದ್ದಳು. ನ್ಯಾಯಾಧೀಶೆಯ ಕಡೆಗೆ ತಿರುಗಬೇಕಾದವಳು ಕೆಂಡ್ರಾಳ ಕಡೆಗೆ ತಿರುಗಿದಳು.

"ಕರ್ಕೊಂಡ್ ಹೋಗು," ಎಂದಳು. ಅಷ್ಟಕ್ಕೆ ಕೂರಬೇಕಿತ್ತು, ಕೂರಲಿಲ್ಲ. "ಎಡಗಿವಿ ನೋವು ಬರತ್ತೆ ಅವಳಿಗೆ, ಗಾಳಿಗೆ ಹೋದ್ರೆ ಟೋಪಿ ಹಾಕು. ಹಾಲು ಬಿಸಿ ಬೇಡ, ಬೆಚ್ಚಗೆ. ಕತ್ತಲೆ ಅಂದ್ರೆ ಭಯ, ಆದ್ರೆ ಭಯ ಅಂತ ಹೇಳಲ್ಲ, ನೀರು ಬೇಕು ಅಂತಾಳೆ. ನೀರು ಕೇಳಿದ್ರೆ ಪಕ್ಕದಲ್ಲಿ ಕೂತ್ಕೋ. ಜಡೆ ಬಿಗಿಯಾಗಿ ಹಾಕಿದ್ರೆ..."

"ನಂಗೊತ್ತು, ಮಿಸ್ ಆರ್ವೆಲಾ," ಎಂದಳು ಕೆಂಡ್ರಾ. ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳ ತಲೆಯ ಮೇಲೆ ಗಲ್ಲವಿಟ್ಟುಕೊಂಡು, ಮೆಲ್ಲಗೆ ಹೇಳಿದಳು. "ನಾನು ಅವಳಮ್ಮ."

ಆರ್ವೆಲಾ ಕೂತಳು. ಒಂದು ವರ್ಷದಿಂದ ಆ ಹುಡುಗಿಯ ಬಾಯಿಂದ ಈ ಮಾತು ಬರಲಿ ಎಂದೇ ಅವಳು ಎಲ್ಲವನ್ನೂ ಕಲಿಸಿದ್ದಳು. ಬಂದ ಮೇಲೆ ಎದೆ ಹೀಗೆ ಉರಿಯುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಸುತ್ತಲೂ ಚಪ್ಪಾಳೆ ಶುರುವಾಯಿತು. ರೇಲಿನ್‌ಳೂ ಯಾಕೆಂದು ತಿಳಿಯದೆ ತಟ್ಟತೊಡಗಿದಳು. ಅವಳನ್ನು ನೋಡಿಕೊಂಡು ಆರ್ವೆಲಾಳೂ ತಟ್ಟಿದಳು, ಉಳಿದವರೆಲ್ಲ ನಿಲ್ಲಿಸಿದ ಮೇಲೂ.